ಮೆಯಿಕೊ ಜೌಗಿಗೊಂದು ಬಿನ್ನಹ

ಫೆಬ್ರುವರಿ 9, ಸೋಮವಾರ. ಸಂಜೆ

ಇವತ್ತೂ ಹೊಲಗಳ ಗೇಟುಗಳದೇ ಕೆಲಸ. ತೆರೆ, ಸೈಕಲ್ ದಾಟಿಸು, ಮುಚ್ಚು, ಕೊಂಡಿ ಹಾಕು. ಮುಚ್ಚಿದ್ದನ್ನು ಮುಚ್ಚಿಯೇ ಹೋಗಬೇಕು, ತೆರೆದದ್ದನ್ನು ತೆರೆದೇ. ಕಡಲಂಚಿನಲ್ಲಿ ಗಾಳಿ ಬೆನ್ನಿಗಿತ್ತು. ಗಟ್ಟಿ ಮರಳಿನ ಮೇಲೆ ಸೈಕಲ್ ತಾನಾಗಿ ಓಡಿತು. ಆಮೇಲೆ ಆಲೂಗೆಡ್ಡೆ ಹೊಲಗಳ ನಡುವಿನ ಆ ಏರು. ಜನವರಿಯಲ್ಲಿ ಅರ್ಧಕ್ಕೇ ಇಳಿದು ತಳ್ಳುತ್ತಿದ್ದೆ. ಇವತ್ತು ಇಳಿಯಲಿಲ್ಲ. ಮೇಲೆ ಹತ್ತಿ ನಿಂತಾಗ ಒಂದು ಕುರಿ ಬಿಟ್ಟರೆ ಯಾರೂ ಇರಲಿಲ್ಲ. ಅದೂ ನೋಡಲಿಲ್ಲ. ಪರವಾಗಿಲ್ಲ, ನನಗೆ ಗೊತ್ತು.

ಕಾಡಿನೊಳಗೆ ಉಲ್ಮೊ ಮರಗಳೆಲ್ಲ ಬಿಳಿ ಹೂ. ನೆಲವೂ ಬಿಳಿ. ಬೇರುಗಳ ಮೇಲೆ ಚಕ್ರವನ್ನು ಯಾವ ಕೋನಕ್ಕೆ ತಿರುಗಿಸಬೇಕೆಂದು ಕೈಗೇ ಗೊತ್ತಾಗಿದೆ. ಹೀಗೆ ಹೋಗುತ್ತಾ ಹೋಗುತ್ತಾ... ದಾರಿ ಮುಗಿಯುತ್ತದೆ. ಜೌಗು. ಮೇಲೆ ಹಾಸಿಗೆಯಂತೆ ಪಾಚಿ, ಕೆಳಗೆ ಕಪ್ಪು ನೀರು. ಕೋಲು ಇಳಿಸಿದರೆ ಮೊಣಕಾಲಿನ ಆಳ, ಕೆಲವು ಕಡೆ ಸೊಂಟದ ತನಕ. ಆಚೆ ದಡದಲ್ಲಿ ದಾರಿ ಮತ್ತೆ ಶುರುವಾಗುವುದು ಕಣ್ಣಿಗೆ ಕಾಣುತ್ತದೆ. ಅಷ್ಟು ಹತ್ತಿರ.

ಎರ್ಸಿರಾ ಫೋನ್ ಮಾಡಿದಳು. ಕಾಸ್ತ್ರೊದಲ್ಲಿ ಸೈಕಲ್ ರಿಪೇರಿ ಅಂಗಡಿ ಅವಳದು. ಚಿಲೊಯೆ ದ್ವೀಪದ ಉತ್ತರದ ತುದಿಯಿಂದ ದಕ್ಷಿಣದ ತುದಿಯವರೆಗೆ ಒಂದೇ ಸೈಕಲ್ ದಾರಿ ಮಾಡುವ ಹುಚ್ಚೂ ಅವಳದೇ. ನಮಗೆಲ್ಲ ಒಂದೊಂದು ತುಂಡು ಹಂಚಿದ್ದಾಳೆ. ಮೆಯಿಕೊ ಊರಿನ ಸುತ್ತಿನದು ನನ್ನ ತುಂಡು.

"ಏನಾಯ್ತೇ ನಿನ್ನ ಕೆಸರು?"

"ಹಾಗೇ ಇದೆ."

"ಇರತ್ತೆ, ಅದಕ್ಕೇನು ಕಾಲಿದ್ಯಾ? ನೋಡು ಯಾಸ್ನಾ. ಉತ್ತರದವರು ಇಪ್ಪತ್ತೇಳು, ಶುಕ್ರವಾರ ಹೊರಡ್ತಾರೆ, ದಕ್ಷಿಣದವರೂ ಅವತ್ತೇ. ಮಾರ್ಚ್ ಒಂದು, ಭಾನುವಾರ, ನಿನ್ನ ಜೌಗಿನ ಹತ್ರ ಸೇರ್ಬೇಕು. ಹೆದ್ದಾರಿಗೆ ಒಬ್ಬರನ್ನೂ ಕಳಿಸಲ್ಲ ನಾನು. ಮೀನಿನ ಲಾರಿ ಚಕ್ರ ನಿನ್ನ ಎತ್ತರ ಇದೆ. ಜೌಗು ದಾಟಲಿಲ್ಲ ಅಂದ್ರೆ ದಾರಿ ಎರಡು ತುಂಡು. ಈ ದಡದೋರು ಆ ದಡದೋರಿಗೆ ಕೈ ಬೀಸಿ ವಾಪಸ್. ಚೆನ್ನಾಗಿರತ್ತೆ, ಫೋಟೊ ತೆಗೀಬಹುದು."

ದಿಮ್ಮಿ ಹಾಸಬೇಕು. ಹಿಂದಿನವರು ಕಾಡಿನ ಜೌಗುಗಳನ್ನು ದಾಟಿದ್ದು ಹಾಗೆಯೇ. ಕಾಡಿನಲ್ಲಿ ಬಿದ್ದ ಮರಗಳು ಬೇಕಾದಷ್ಟಿವೆ. ಬೇಕಾದದ್ದು ಜನ ಮತ್ತು ಒಂದು ಜೋಡಿ ಎತ್ತು. ಅಂದರೆ ಮಿಂಗಾ — ಊರೆಲ್ಲ ಬಂದು ಒಂದು ದಿನ ದುಡಿಯುತ್ತದೆ, ಉಣ್ಣುತ್ತದೆ, ಕೂಲಿ ಇಲ್ಲ. ಆಮೇಲೆ ಅವರ ಕೆಲಸಕ್ಕೆ ನಾವು. ಸುಲಭ. ಕೇಳಿದರೆ ಬರುತ್ತಾರೆ.

ಕೇಳಬೇಕು. ಅಷ್ಟೆ.


ಫೆಬ್ರುವರಿ 10

ಇಳಿದುಕೊಂಡಿರುವುದು ನೊಲ್ಫಾಳ ಮನೆಯಲ್ಲಿ. ಕಡಲಪಾಚಿ ಕಿತ್ತು ಒಣಗಿಸುವವಳು, ಅಮ್ಮನ ಬಾಲ್ಯದ ಗೆಳತಿ. ಅಮ್ಮ ಹುಟ್ಟಿದ್ದು ಈ ಊರಿನಲ್ಲೇ. ಹಾಗಾಗಿ ಇಲ್ಲಿ ನನಗೆ ಹೆಸರಿಲ್ಲ, 'ಎದೀತಾಳ ಮಗಳು'.

ಎತ್ತಿನ ಜೋಡಿ ಇರುವುದು ದೋನ್ ಲಿಸಾರ್ದೊ ಒಬ್ಬರಿಗೇ. ಬಿದ್ದ ಮರಗಳಿರುವುದೂ ಅವರ ಕಾಡಿನಲ್ಲಿ. ಎರ್ಸಿರಾ ಹಿಂದೆಯೇ ಅವರಿಗೆ ವಾಟ್ಸ್ಆಪ್‌ನಲ್ಲಿ ಧ್ವನಿ ಸಂದೇಶ ಕಳಿಸಿದ್ದಳಂತೆ. ನೊಲ್ಫಾ ಹೇಳಿ ನಕ್ಕಳು.

"ಅದಕ್ಕೆ ಆ ಮುದುಕ ಏನು ಉತ್ತರ ಕಳಿಸ್ದ ಗೊತ್ತಾ? 'ಆಯ್ತಮ್ಮ, ಎತ್ತುಗಳನ್ನೂ ವಾಟ್ಸ್ಆಪ್‌ನಲ್ಲೇ ಕಳಿಸ್ತೀನಿ, ತೆರೆದು ನೋಡ್ಕೊ.'"

ಎರ್ಸಿರಾ ಪಟ್ಟಣದವಳು. ನಾನಲ್ಲ. ಮಿಂಗಾಕ್ಕೆ ಕರೆಯುವುದು ಹೇಗೆಂದು ನನಗೆ ಗೊತ್ತು. ಮನೆಗೆ ಹೋಗಬೇಕು. ಒಲೆಯ ಪಕ್ಕ ಕೂರಬೇಕು. ಮಾತೆ ಎಂಬ ಸೊಪ್ಪಿನ ಕಷಾಯ ಕುಡಿಯಬೇಕು. ಮಳೆ-ಬಿಸಿಲಿನ ಮಾತಾಡಬೇಕು. ಆಮೇಲೆ "ಬಿನ್ನಹಕ್ಕೆ ಬಂದಿದ್ದೇನೆ" ಎನ್ನಬೇಕು. ಬೇರೆ ಮಾತು ನಡೆಯದು. 'ಸಹಾಯ ಮಾಡಿ', 'ದಯವಿಟ್ಟು' — ಊಹೂಂ. ಬಿನ್ನಹ. ಕಾಲೇಜಿನಲ್ಲಿ ಹಳೆಯ ಪದ್ಯಗಳಲ್ಲಿ ಮಾತ್ರ ಈ ಪದ ಸಿಕ್ಕಿತ್ತು. ಮೇಷ್ಟರು ಅಡಿಟಿಪ್ಪಣಿ ಬರೆಸಿದ್ದರು. ಅಜ್ಜಿ ಇದನ್ನು ವರ್ಷಕ್ಕೆ ಹತ್ತು ಸಲ ಅನ್ನುತ್ತಿದ್ದಳು. ಅದನ್ನು ಅಂದ ಮೇಲೆ ಎದುರಿನವರು ಇಲ್ಲ ಎನ್ನುವುದು ಕಷ್ಟ. ಅದಕ್ಕೇ ಬಾಯಿಂದ ಬರುವುದೂ ಕಷ್ಟ.

ನಾಳಿದ್ದು ಹೋಗುತ್ತೇನೆ. ಆಗುತ್ತದೆ.


ಫೆಬ್ರುವರಿ 12, ಗುರುವಾರ. ಮಧ್ಯಾಹ್ನ

ಹೋದೆ. ಬಂದೆ.

ಬರೆಯಲೂ ನಾಚಿಕೆ. ಆದರೆ ಇದನ್ನು ಓದುವವರು ಯಾರಿದ್ದಾರೆ.

ದೋನ್ ಲಿಸಾರ್ದೊ ಇದ್ದರು, ಅವರ ತಂಗಿ ಕ್ಲೊರಿಂದಾ ಇದ್ದಳು. ಇಬ್ಬರಿಗೂ ಮದುವೆಯಿಲ್ಲ, ಒಂದೇ ಒಲೆ. "ಬಾ, ಎದೀತಾಳ ಮಗಳಲ್ವಾ, ಕೂತ್ಕೊ" ಅಂದಳು. ಕೂತೆ. ಹೆಲ್ಮೆಟ್ ತೊಡೆಯ ಮೇಲೆ. ಕ್ಲೊರಿಂದಾ ಸೋರೆಬುರುಡೆಗೆ ಸೊಪ್ಪು ತುಂಬಿ, ಸಕ್ಕರೆ ಹಾಕಿ, ಬಿಸಿನೀರು ಹೊಯ್ದು ಮೊದಲ ಮಾತೆ ನನಗೇ ಕೊಟ್ಟಳು. ಕೊಳವೆಯಲ್ಲಿ ಹೀರಿದೆ. ಮನಸ್ಸಿನಲ್ಲಿ ಬಿನ್ನಹದ ವಾಕ್ಯ ಜೋಡಿಸುತ್ತಿದ್ದೆ. ಕರ್ತೃ, ಕ್ರಿಯಾಪದ ಎಲ್ಲ ಸರಿಯಾಗಿತ್ತು. ಬುರುಡೆ ವಾಪಸ್ ಕೊಡುತ್ತಾ ಬಾಯಿ ತಾನಾಗಿ ಹೇಳಿತು — "ಥ್ಯಾಂಕ್ಸ್."

ಮಾತೆ ವಾಪಸ್ ಕೊಡುವಾಗ ಥ್ಯಾಂಕ್ಸ್ ಅಂದರೆ ಸಾಕು, ಇನ್ನು ಬೇಡ, ಹೊರಟೆ ಎಂದರ್ಥ. ತೊಟ್ಟಿಲ ಮಗುವಿಗೂ ಗೊತ್ತು. ನನಗೂ ಗೊತ್ತು! ಹೆದರಿದಾಗ ನನ್ನ ಬಾಯಿ ಎಲ್ಲದಕ್ಕೂ ಥ್ಯಾಂಕ್ಸ್ ಅನ್ನುತ್ತದೆ. ಒಮ್ಮೆ ಬಸ್ಸಿನಲ್ಲಿ ಕಾಲು ತುಳಿದವನಿಗೂ ಅಂದಿದ್ದೆ.

ಕ್ಲೊರಿಂದಾ ಅಣ್ಣನ ಮುಖ ನೋಡಿದಳು. ಅಣ್ಣ ಕಿಟಕಿ ನೋಡಿದರು. "ಇಷ್ಟು ಬೇಗನಾ?" ಅಂದಳು. ಎದ್ದು ಬಾಗಿಲು ತೆರೆದಳು. ನಾನೂ ಎದ್ದೆ. ಇನ್ನೇನು ಮಾಡಲಿ? "ಅಮ್ಮನ್ನ ಕೇಳ್ದೆ ಅಂತ ಹೇಳು." ಹೊರಗೆ ಬಂದು ಸೈಕಲ್ ಹತ್ತಿ ಗೇಟಿನವರೆಗೆ ಬಂದ ಮೇಲೆ ನಿಜಕ್ಕೂ ಏನಾಯಿತೆಂದು ತಿಳಿಯಿತು.

ಇಳಿಜಾರಿನಲ್ಲಿ ಬ್ರೇಕ್ ಹಿಡಿಯದೆ ಬಂದೆ. ಅದೊಂದೇ ಸಮಾಧಾನ.


ಫೆಬ್ರುವರಿ 13

ನೊಲ್ಫಾ ನಕ್ಕು ನಕ್ಕು ಕಡಲಪಾಚಿಯ ರಾಶಿಯ ಮೇಲೇ ಕೂತಳು.

"ಒಂದು ಮಾತೆ! ಒಂದೇ ಒಂದು! ಕ್ಲೊರಿಂದಾ ಈಗ ಸಕ್ಕರೆ ಕಮ್ಮಿಯಾಯ್ತೇನೋ ಅಂತ ಒಲೆ ಮುಂದೆ ಕೂತು ಅಳ್ತಿರ್ತಾಳೆ. ಬಾಯಿ ಎಲ್ಲಿಟ್ಟು ಬಂದೆ ಮಗಳೇ, ವಾಲ್ದಿವಿಯಾದಲ್ಲಾ?"

"ಓದೋಕೆ ಹೋದಾಗ ಅಲ್ಲೇ ಬಿಟ್ಟೆ ಅನ್ಸುತ್ತೆ."

"ಮತ್ತೆ ಕಾಲು ಮಾತ್ರ ತಂದಿದ್ದೀಯ. ಸರಿ, ಕಾಲಾದ್ರೂ ಗಟ್ಟಿ ಇದೆ."

ಬೇರೆ ಮನೆಗಳಿಗೆ ಹೋದೆ. ಎಲ್ಲರದೂ ಒಂದೇ ಪ್ರಶ್ನೆ: "ಲಿಸಾರ್ದೊನ ಎತ್ತು ಬರ್ತಾವಾ?" ಎತ್ತು ಬಂದರೆ ಅವರೂ ಬರುತ್ತಾರೆ. ಬರಿಗೈಯಲ್ಲಿ ದಿಮ್ಮಿ ಎಳೆಯಲು ಯಾರಿಗೂ ಸೊಂಟವಿಲ್ಲ. ಹಾಗಾಗಿ ಈ ಮನೆಗಳಲ್ಲಿ ಬಿನ್ನಹದ ಮಾತೇ ಎತ್ತಲಿಲ್ಲ. ಎತ್ತಿಗಾಗಿ ಕಾಯುತ್ತೇನೆ ಅಂದೆ. ಎಲ್ಲವೂ ಆ ಒಂದು ಅಡುಗೆಮನೆಯಲ್ಲಿ ನಿಂತಿದೆ.

ನಾಳೆಯೇ ಮತ್ತೆ ಹೋಗುತ್ತೇನೆ.


ಫೆಬ್ರುವರಿ 18, ಬುಧವಾರ

ಇಷ್ಟು ದಿನ ಮಳೆ.

ಸುಳ್ಳು. ಎರಡು ದಿನ ಮಳೆ. ಉಳಿದದ್ದು ನಾನು.

ಆದರೆ ಸುಮ್ಮನೆ ಕೂತಿರಲಿಲ್ಲ. ಜೌಗಿನ ಈ ತುದಿಯಿಂದ ಆ ತುದಿಗೆ ಗೆರೆ ಹಾಕಿದೆ. ಕೋಲು ಇಳಿಸಿ, ಬಟ್ಟೆಯ ಚೂರು ಕಟ್ಟಿ. ಹಳೆಯ ಕಾಲುದಾರಿ ಎಡಕ್ಕಿದೆ, ಬೇರಿನಿಂದ ಬೇರಿಗೆ ಕಾಲಿಟ್ಟು ದಾಟುವಂಥದು. ಅದರ ಬೇರುಗಳೆಲ್ಲ ಓರೆ, ಚಕ್ರ ಜಾರುತ್ತದೆ. ನನ್ನ ಗೆರೆ ನೇರ. ಈ ದಾರಿಯಲ್ಲಿ ಬರುವವರನ್ನು ಈಗಲೇ ಕಾಣಬಲ್ಲೆ. ತಲೆ ಬಗ್ಗಿಸಿ ಬರುತ್ತಾರೆ, ಕಾಡು ಸರಿದು ಬಯಲು ತೆರೆದಾಗ ತಲೆ ಎತ್ತುತ್ತಾರೆ. ಆ ಕ್ಷಣ ಚಕ್ರದ ಕೆಳಗೆ ಮರದ ಸದ್ದು — ಟಕ ಟಕ ಟಕ.

ಇದು ಆಗಲೇಬೇಕು. ಆಗುತ್ತದೆ.


ಫೆಬ್ರುವರಿ 19, ಗುರುವಾರ. ಸಂಜೆ

ಹೊಟ್ಟೆ ಕೆರೆಯಾಗಿದೆ. ಬಗ್ಗಿ ಬರೆಯಲು ಆಗುತ್ತಿಲ್ಲ. ಆದರೆ ಬರೆಯುತ್ತೇನೆ.

ಬೆಳಿಗ್ಗೆ ಏರು ಹತ್ತುವಾಗ ಒಂದೇ ನಿಯಮ ಮಾಡಿಕೊಂಡೆ: ಬಾಯಿ ಮುಚ್ಚಿರಬೇಕು. ಬಿನ್ನಹ ಬರದಿದ್ದರೂ ಸರಿ, ಥ್ಯಾಂಕ್ಸ್ ಬರಬಾರದು.

ಕ್ಲೊರಿಂದಾ ಅನುಮಾನದಿಂದಲೇ ಮೊದಲ ಮಾತೆ ಕೊಟ್ಟಳು. ಹೀರಿ ಸುಮ್ಮನೆ ವಾಪಸ್ ಕೊಟ್ಟೆ. ಅವಳ ಮುಖ ಅರಳಿತು. ಎರಡನೆಯದು. ಅಮ್ಮನ ಮಂಡಿನೋವಿನ ಮಾತು. ಮೂರನೆಯದು. ಈ ವರ್ಷ ಆಲೂಗೆಡ್ಡೆ ಹೇಗೆ, ಸೇಬು ಹೇಗೆ. ದೋನ್ ಲಿಸಾರ್ದೊ ಎತ್ತಿನ ನೊಗದ ಪಟ್ಟಿ ಹೊಲಿಯುತ್ತಿದ್ದರು. ಕ್ಲೊರಿಂದಾ ಹೊಯ್ಯುತ್ತಲೇ ಇದ್ದಳು. ಕೆಟಲ್ ಬರಿದಾಯಿತು, ತುಂಬಿದಳು. ಮತ್ತೆ ಬರಿದಾಯಿತು. ಮಾತಿನ ಸರಕೂ ಮುಗಿಯಿತು. ಒಲೆಯ ಸದ್ದು ಮಾತ್ರ. ಹೊರಗೆ ಹಸು ಕೂಗಿತು. ಯಾರೂ ಏಳಲಿಲ್ಲ. ಅತಿಥಿ ಥ್ಯಾಂಕ್ಸ್ ಅನ್ನದೆ ಮನೆಯವರು ಏಳುವ ಹಾಗಿಲ್ಲ.

ಮತ್ತೆ ಹಸು ಕೂಗಿತು.

ದೋನ್ ಲಿಸಾರ್ದೊ ಸೂಜಿ ಕೆಳಗಿಟ್ಟರು. "ನೋಡಮ್ಮ ಹುಡುಗಿ. ಒಂದೋ ಥ್ಯಾಂಕ್ಸ್ ಹೇಳು, ಇಲ್ಲಾ ಬಂದ ಕೆಲಸ ಹೇಳು. ಆ ಹಸುವಿನ ಕೆಚ್ಚಲು ಒಡೀತದೆ. ನನ್ನ ಸಕ್ಕರೆ ಆಗ್ಲೇ ತಳ ಕಂಡಿದೆ."

"ಬಿನ್ನಹಕ್ಕೆ ಬಂದಿದ್ದೀನಿ, ದೋನ್ ಲಿಸಾರ್ದೊ!"

ತುಂಬಾ ಜೋರಾಗಿ ಬಂತು. ಬೆಕ್ಕು ಬೆಂಚಿನಿಂದ ಹಾರಿತು.

ಅವರು ತಲೆಯ ಟೊಪ್ಪಿ ತೆಗೆದರು. ನನಗಾಗಿ ಅಲ್ಲ, ಆ ಪದಕ್ಕಾಗಿ. ಆದರೂ ಅವರ ಬಿಳಿ ಹಣೆ ಕಂಡದ್ದೇ ಎದೆ ಹಗುರಾಯಿತು. "ಹೇಳು" ಅಂದರು.

ದಾರಿಯ ವಿಷಯವಾದರೆ ನನಗೆ ಮಾತಿದೆ. ಎಲ್ಲಿ ಶುರು, ಎಲ್ಲಿ ತಿರುವು, ಎಷ್ಟು ಅಗಲ, ದಿಮ್ಮಿಗಳನ್ನು ಅಡ್ಡಡ್ಡ ಏಕೆ ಹಾಸಬೇಕು. ಮೇಜಿನ ಮೇಲೆ ಬೆಂಕಿಕಡ್ಡಿ ಜೋಡಿಸಿ ತೋರಿಸಿದೆ.

"ಹಳೇ ಕಾಲುದಾರಿ ಬಿಟ್ಟು ಇಲ್ಲೇಕೆ?" ಅಂದರು.

"ಅಲ್ಲಿ ಬೇರು ಓರೆ ಇದೆ. ಕಾಲು ಹಿಡ್ಕೊಳ್ಳುತ್ತೆ, ಚಕ್ರ ಹಿಡ್ಕೊಳ್ಳಲ್ಲ."

ಯೋಚಿಸಿದರು. "ಚಕ್ರದ ವಿಷಯ ನಿನಗೆ ಬಿಟ್ಟೆ. ಆದ್ರೆ ನೀನು ಬಿನ್ನಹ ಮಾಡ್ದೆ, ನಾಳೆ ನಾನು ಮಾಡ್ತೀನಿ. ತಿಂಗಳ ಕೊನೆಗೆ ಆಲೂಗೆಡ್ಡೆ ಅಗೀಬೇಕು."

"ಬರ್ತೀನಿ."

"ನೀನು ಬರ್ತೀಯ. ಆಮೇಲೆ ನನ್ನ ದಿಮ್ಮಿ ಮೇಲೆ ಟ್ರಿಣ್ ಟ್ರಿಣ್ ಅಂತ ಹೋಗ್ತಾರಲ್ಲ, ಅವರು?"

ಕ್ಲೊರಿಂದಾ ಹೊಯ್ಯುತ್ತಲೇ ಅಂದಳು: "ದಾಟೋರೆಲ್ಲ ಒಂದೊಂದು ಬುಟ್ಟಿ ಅಗೆದು ಹೋಗ್ಲಿ. ಬಿಟ್ಟಿ ಬಿಸಿಲು ಕಾಯೋ ಬದಲು."

ಅಲ್ಲೇ ಎರ್ಸಿರಾಳಿಗೆ ಫೋನ್ ಮಾಡಿದೆ. ಅವಳು ಕಿರುಚಿದಳು: "ಅಯ್ಯೋ, ಅದಕ್ಕೇ ಜನ ಬರ್ತಾರೆ ಕಣೇ! ಬೋರ್ಡ್ ಬರೆಸ್ತೀನಿ!"

ಶನಿವಾರ ಇಪ್ಪತ್ತೆಂಟಕ್ಕೆ ಮಿಂಗಾ. ಆಮೇಲೆ ಬುರುಡೆ ವಾಪಸ್ ಕೊಟ್ಟು ಅಂದೆ — ಥ್ಯಾಂಕ್ಸ್. ಮೂವರೂ ನಕ್ಕೆವು. ಹಸು ಕರೆಯಲು ಕ್ಲೊರಿಂದಾ ಓಡಿದಳು.


ಫೆಬ್ರುವರಿ 21

ಎಲ್ಲ ಮನೆಗಳೂ ಆದವು. ಎತ್ತು ಬರುತ್ತವೆ ಅಂದರೆ ಸಾಕು, ಟೊಪ್ಪಿಗಳು ತಾವಾಗಿ ಇಳಿಯುತ್ತವೆ. ಇವತ್ತು ಒಂದು ಮನೆಯಲ್ಲಿ ಬಿನ್ನಹ ಅಂದಾಗ ಬೆಕ್ಕು ಅಲ್ಲಾಡಲೂ ಇಲ್ಲ. ಅಭ್ಯಾಸವಾಗಿದೆ.

ವಾಪಸ್ ಬರುವಾಗ ಎದುರುಗಾಳಿ. ಹಾಡಿಕೊಂಡು ಬಂದೆ. ಯಾರಿಗೂ ಕೇಳಿಸುವುದಿಲ್ಲ, ಅದೇ ಗಾಳಿಯ ಉಪಕಾರ.


ಫೆಬ್ರುವರಿ 28, ಶನಿವಾರ. ಮಧ್ಯಾಹ್ನ, ಊಟದ ಹೊತ್ತು

ಬೆರಳಿನ ಕೆಸರು ಪುಟಕ್ಕೆ ಹತ್ತುತ್ತಿದೆ.

ಬೆಳಕು ಹರಿಯುವ ಹೊತ್ತಿಗೆ ಎಲ್ಲರೂ ಇದ್ದರು. ಕೊಡಲಿ, ಹಗ್ಗ, ಗರಗಸ, ಚಿಚಾ ಎಂಬ ಸೇಬಿನ ಹೆಂಡ ತುಂಬಿದ ಕ್ಯಾನುಗಳು. ದೋನ್ ಲಿಸಾರ್ದೊ ಅವರ ಎತ್ತುಗಳು — ಕ್ಲಾವೆಲ್, ಲೆಯಾಲ್ — ಮಂಜಿನಿಂದ ಎರಡು ಮನೆಗಳಂತೆ ಎದ್ದು ಬಂದವು. ಈ ದಡದಿಂದ ಅರ್ಧ ಜನ, ಕಾಲುದಾರಿಯಲ್ಲಿ ಸುತ್ತಿ ಹೋಗಿ ಆ ದಡದಿಂದ ಅರ್ಧ. ನನ್ನ ಗೆರೆಯ ಮೇಲೆ ದಿಮ್ಮಿ ಬೀಳುತ್ತಾ ಹೋಯಿತು. ಒಂದಕ್ಕೊಂದು ಅಂಟಿಕೊಂಡು, ಪಿಯಾನೊದ ಕೀಗಳ ಹಾಗೆ. ಹನ್ನೊಂದರ ಹೊತ್ತಿಗೆ ಎರಡೂ ಕಡೆಯವರು ಒಬ್ಬರ ಮುಖ ಒಬ್ಬರು ಕಾಣುವಷ್ಟು ಹತ್ತಿರ. ಬೈಗುಳ ಆಚೆಯಿಂದ ಈಚೆಗೆ ಹಾರಾಡುತ್ತಿತ್ತು.

"ಏಯ್, ನಿಮ್ಮ ಕಡೆ ಸೊಟ್ಟ ಬರ್ತಿದೆ!"

"ನಿನ್ನ ಕಣ್ಣು ಸೊಟ್ಟ! ಚಿಚಾ ಕೆಳಗಿಟ್ಟು ನೋಡು!"

ಆಗ ನಡುವಿನ ದಿಮ್ಮಿ ಹಾಕಿದರು. ಹೋಯಿತು. ಸದ್ದಿಲ್ಲದೆ. ಇನ್ನೊಂದು ಹಾಕಿದರು. ಅದೂ ಹೋಯಿತು. ಪಾಚಿ ಹರಿದು ಅಡಿಯಲ್ಲಿ ಕಪ್ಪು ನೀರು ಬಾಯಿ ಬಿಟ್ಟಿತು. ಒಂದು ಕೋಣೆಯಷ್ಟು ಅಗಲ. ಉದ್ದನೆಯ ಗಳ ಇಳಿಸಿದರು, ತಳ ಸಿಗಲಿಲ್ಲ. ನಾನು ಕೋಲು ಇಳಿಸಿದ್ದಾಗ ಸಿಕ್ಕಿದ್ದು ತಳವಲ್ಲ, ಬೇರುಗಳ ಜಾಲ.

ನನ್ನ ಗೆರೆ. ನಾನು ಹೇಳಿದ ಗೆರೆ.

ಎಲ್ಲರೂ ನನ್ನ ಕಡೆ ನೋಡಿದರು. ಕೋಪವಿಲ್ಲ. ಕರೆದವಳು ನಾನು, ನಿಲ್ಲಿಸಬೇಕೋ ಮುಂದುವರಿಸಬೇಕೋ ಹೇಳಬೇಕಾದವಳೂ ನಾನೇ, ಅದಕ್ಕೆ. ಯಾರೋ ಅಂದರು: "ಹಳೇ ದಾರಿಗೆ ತಿರುಗಿಸೋಣ." ಇನ್ನೊಬ್ಬರು: "ಮೊದಲಿಂದ ಹಾಕ್ಬೇಕು. ನಾಳೆ ಬೆಳಿಗ್ಗೆಗೆ ಎಲ್ಲಾಗುತ್ತೆ?" ದೋನ್ ಲಿಸಾರ್ದೊ ಎತ್ತಿನ ಕತ್ತು ಸವರುತ್ತಾ ನಿಂತಿದ್ದರು. ನಾನು ಹೇಳಿದ್ದೆನಲ್ಲ ಎನ್ನಲಿಲ್ಲ. ಅಂದಿದ್ದರೆ ಸುಲಭವಾಗುತ್ತಿತ್ತು.

ನಾನು ನೀರನ್ನೇ ನೋಡುತ್ತಿದ್ದೆ. ಹಾಕಿದ್ದೆಲ್ಲ ಮುಳುಗುತ್ತದೆ. ಹಾಗಾದರೆ ಹಾಕಬೇಕಾದದ್ದು... "ಮುಳುಗದ್ದು ಏನಾದ್ರೂ ಬೇಕು" ಅಂದೆ. ನನಗೇ ಅಂದುಕೊಂಡದ್ದು, ಹೊರಗೆ ಕೇಳಿಸಿತು.

ಮಿಲ್ಕಾವೊ ರೊಟ್ಟಿಯ ಬುಟ್ಟಿ ಹೊತ್ತು ಆಗತಾನೇ ಬಂದಿದ್ದ ನೊಲ್ಫಾ ಅಂದಳು: "ನನ್ನ ದೋಣಿ ಇದೆ. ಗಂಡ ಹೋದ ಮೇಲೆ ನೀರಿಗಿಳಿದಿಲ್ಲ. ಕೋಳಿ ಮಲಗ್ತವೆ ಅದರ ಕೆಳಗೆ. ಜೀವಮಾನವೆಲ್ಲ ಮುಳುಗದೇ ಇರೋದನ್ನೇ ಕಲಿತದ್ದು."

ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು. ಉದ್ದ ಸರಿಹೋಗುತ್ತದೆ, ಅಂಚಿನಿಂದ ಅಂಚಿಗೆ ಹಲಗೆ ಹೊಡೆಯಬಹುದು, ಎರಡೂ ತುದಿಗೆ ಹಗ್ಗ. ಯಾರೋ ಆಗಲೇ ಕಡಲಿನ ಕಡೆ ಹೊರಟರು.

"ನಿಲ್ರೋ" ಅಂದಳು ನೊಲ್ಫಾ. "ಇದೆ ಅಂದೆ. ಕೊಡ್ತೀನಿ ಅಂದ್ನಾ? ಕೇಳೋರಿಲ್ವಾ ನನ್ನ?"

ಇಷ್ಟು ದಿನ ಅವಳ ಮನೆಯಲ್ಲೇ ಉಂಡು ಮಲಗಿದ್ದೇನೆ. ಊರಿನ ಮನೆಮನೆಗೂ ಬಿನ್ನಹ ಮಾಡಿದೆ, ಅವಳೊಬ್ಬಳಿಗೆ ಮಾಡಿರಲಿಲ್ಲ. ಬೇಕೆಂದು ಅನ್ನಿಸಿಯೇ ಇರಲಿಲ್ಲ. ಅವಳು ನಗುತ್ತಿದ್ದಳು, ಆದರೆ ತಮಾಷೆಯಲ್ಲ.

ಅಡುಗೆಮನೆಯಿಲ್ಲ, ಒಲೆಯಿಲ್ಲ, ಮಾತೆಯಿಲ್ಲ. ತೊಡೆಯ ತನಕ ಕೆಸರು. ಎರಡೂ ದಡದಲ್ಲಿ ಊರು. ದಿಮ್ಮಿಯ ಮೇಲೆ ನಡೆದು ಅವಳ ಮುಂದೆ ಹೋಗಿ ನಿಂತೆ. ನನ್ನ ಹೆಲ್ಮೆಟ್ ತೆಗೆದೆ — ಬೇರೆ ಟೊಪ್ಪಿ ಇರಲಿಲ್ಲ.

"ನೊಲ್ಫಾ, ಬಿನ್ನಹಕ್ಕೆ ಬಂದಿದ್ದೀನಿ. ನಿಮ್ಮ ದೋಣಿ ಬೇಕು."

ಈ ಸಲ ಕಿರುಚಲಿಲ್ಲ. ಆದರೂ ಆ ದಡದವರಿಗೆ ಕೇಳಿಸಿತಂತೆ.

"ಬಂದೆಯಾ" ಅಂದಳು. ಕಣ್ಣು ಒರೆಸಿಕೊಂಡಳು. "ತಗೊ. ಕೋಳಿಗಳಿಗೆ ನೀನೇ ಗೂಡು ಕಟ್ಟಿಕೊಡ್ಬೇಕು."

ದೋಣಿ ತರಲು ಎತ್ತುಗಳು ಹೋಗಿವೆ. ಉಳಿದವರು ಉಣ್ಣುತ್ತಿದ್ದೇವೆ. ನಾನು ಉಣ್ಣುವ ಬದಲು ಇದನ್ನು ಬರೆಯುತ್ತಿದ್ದೇನೆ. ಬೈಯುತ್ತಿದ್ದಾರೆ.


ಅದೇ ದಿನ, ಸೂರ್ಯ ಮುಳುಗುವ ಮುಂಚೆ

ದೋಣಿ ಬಂತು. ಆಲೂಗೆಡ್ಡೆ ಹೊಲಗಳ ನಡುವೆ ಹಳದಿ ದೋಣಿ, ಮುಂದೆ ಎತ್ತು, ಹಿಂದೆ ಕೂಗಾಡುವ ಜನ, ಅವರ ಹಿಂದೆ ತಬ್ಬಿಬ್ಬಾದ ಕೋಳಿಗಳು. ಕಾಡಿನ ತಿರುವಿನಲ್ಲಿ ಸಿಕ್ಕಿಕೊಂಡಿತು. ದೋನ್ ಲಿಸಾರ್ದೊ ನನ್ನ ಕಡೆ ತಿರುಗಿ, "ಈ ತಿರುವು ಚಕ್ರಕ್ಕೆ ಸರಿ, ಹಡಗಿಗೆ ಅಗಲ ಸಾಲ್ದು, ಕ್ಯಾಪ್ಟನ್" ಅಂದರು. ಒಂದು ಪೊದೆ ಕಡಿದೆವು.

ನೀರಿಗಿಳಿಸಿದಾಗ ಅಷ್ಟು ವರ್ಷ ಒಣಗಿದ ಸೀಳುಗಳಿಂದ ಬುಳಬುಳ ನೀರು ಒಳಗೆ ಬಂತು. ನೊಲ್ಫಾ, "ಕುಡೀಲಿ ಬಿಡಿ, ಬಾಯಾರಿದೆ. ಮರ ಉಬ್ಬಿದ ಮೇಲೆ ನಿಲ್ಲತ್ತೆ" ಅಂದಳು. ಪಾಚಿ ತುರುಕಿದೆವು, ಡಬ್ಬದಿಂದ ನೀರು ಮೊಗೆದೆವು. ನಿಂತಿತು. ಸಾಕಷ್ಟು ನಿಂತಿತು. ಹಲಗೆ ಹೊಡೆದಾಗಿದೆ. ನಡೆದು ದಾಟಿದ್ದೇವೆ.

ಚಕ್ರ ಇನ್ನೂ ದಾಟಿಲ್ಲ. ಮೊದಲು ನೀನೇ ಹೋಗು ಅಂದರು. ಬೇಡ ಅಂದೆ. ನಾಳೆ ಎರಡೂ ಕಡೆಯಿಂದ ಬರುವವರು ದಾಟಲಿ, ದಾರಿ ಕೂಡಬೇಕಾದದ್ದು ಅವರಿಂದ.


ಮಾರ್ಚ್ 1, ಭಾನುವಾರ. ಬೆಳಿಗ್ಗೆ

ದೋಣಿಯಲ್ಲೇ ಕೂತಿದ್ದೇನೆ, ಹಲಗೆಯ ಪಕ್ಕ, ಡಬ್ಬ ಹಿಡಿದು. ಎಲ್ಲರಿಗಿಂತ ಮೊದಲು ಬಂದೆ. ರಾತ್ರಿ ಸೇರಿದ ನೀರು ಮೊಗೆದು ಹಾಕಿದೆ, ಹೆಚ್ಚಿರಲಿಲ್ಲ. ಮರ ಉಬ್ಬಿದೆ. ಮಂಜು ಸರಿಯುತ್ತಿದೆ. ಎರಡೂ ಕಡೆ ದಿಮ್ಮಿದಾರಿ ಕಾಡಿನೊಳಗೆ ಹೊಕ್ಕು ಮಾಯ.

ಈ ದಡದಲ್ಲಿ ಊರಿನವರು ಸೇರುತ್ತಿದ್ದಾರೆ. ಕ್ಲೊರಿಂದಾ ದೊಡ್ಡ ಕೆಟಲ್ ಹೊತ್ತು ತಂದಿದ್ದಾಳೆ. ಯಾವನು ಒಂದಕ್ಕೇ ಸಾಕು ಅನ್ನುತ್ತಾನೋ ನೋಡುತ್ತೇನೆ ಅನ್ನುತ್ತಿದ್ದಾಳೆ. ದೋನ್ ಲಿಸಾರ್ದೊ ಬುಟ್ಟಿಗಳನ್ನು ಸಾಲಾಗಿ ಜೋಡಿಸುತ್ತಿದ್ದಾರೆ.

ಉತ್ತರದವರ ಜೊತೆ ಬರುತ್ತಿರುವ ಎರ್ಸಿರಾಳ ಫೋನ್: "ಏರಿನಲ್ಲಿ ಸಾಯ್ತಿದ್ದೀವಿ ಕಣೇ! ಇದನ್ನ ಇಳೀದೆ ಹತ್ತಿದ್ದೀಯಾ ನೀನು?"

"ಹೂಂ."

"ರಾಕ್ಷಸಿ. ದಾರಿ ಇದ್ಯಾ?"

"ಬಾ, ನೋಡು."

ದಕ್ಷಿಣದವರ ಸದ್ದೇ ಮೊದಲು. ಆಚೆ ದಡದ ಕಾಡಿನೊಳಗಿಂದ ಟಕ ಟಕ ಟಕ. ನಾನು ಅಂದುಕೊಂಡದ್ದಕ್ಕಿಂತ ದಪ್ಪ ಸದ್ದು. ಕೆಂಪು ಅಂಗಿಯ ಒಬ್ಬ ಹುಡುಗಿ ಮುಂದೆ. ಬಯಲಿಗೆ ಬಂದಳು, ತಲೆ ಎತ್ತಿದಳು. ಈ ಕಡೆಯಿಂದ ಎರ್ಸಿರಾಳ ಕೂಗು, ಇನ್ನೂ ಕಾಣುವುದಿಲ್ಲ. ಕೆಂಪು ಅಂಗಿಯವಳು ದೋಣಿ ನೋಡಿ ಬ್ರೇಕ್ ಹಿಡಿದಳು. ನನ್ನನ್ನು ನೋಡಿದಳು. "ಬನ್ನಿ, ತಡೆಯುತ್ತೆ!" ಅಂದೆ. ಜೋರಾಗಿ.

ಮುಂದಿನ ಚಕ್ರ ಹಲಗೆಗೆ ಹತ್ತಿತು. ದೋಣಿ ಒಂದಿಷ್ಟು ತಗ್ಗಿತು. ಎದ್ದಿತು. ಹಿಂದಿನ ಚಕ್ರವೂ. ಎರ್ಸಿರಾ ಈ ತುದಿಗೆ ಬಂದಳು, ಇಳಿಯದೇ ಬರುತ್ತಿದ್ದಾಳೆ, ಇಬ್ಬರಿಗೂ ಒಟ್ಟಿಗೆ ಜಾಗ ಇಲ್ಲ, ನಾನು ಎದ್ದು ಅವಳನ್ನು ತಡೆಯಬೇಕು. ಪೆನ್ನು ಇಟ್ಟೆ.